ಒಂದೇ ಒರಳು, ಎರಡು ಒನಕೆ

ಬೆಳಗಿನ ಐದೂಮುಕ್ಕಾಲು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಅಂಚಿನಲ್ಲಿ, ತಗಡು ಮಾಡಿನ ಅಂಗಡಿಯ ಮುಂದೆ ಚಿಕ್ಕಯ್ಯ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಾರೆ. ಎದುರಿಗೆ ದೊಡ್ಡದೊಂದು ಮೋಟಾರ್ ಸೈಕಲ್. ಅದರ ಎರಡು ಸಿಲಿಂಡರ್‌ಗಳು ಇಂಗ್ಲಿಷಿನ ವಿ ಅಕ್ಷರದಂತೆ ಕವಲೊಡೆದಿವೆ. ಪಕ್ಕದಲ್ಲಿ ಹದಿನಾಲ್ಕು ತೆಂಗಿನ ಕರಟಗಳು ಸಾಲಾಗಿವೆ. ಸುಣ್ಣದ ಬೊಟ್ಟಿರುವ ಕರಟಗಳಲ್ಲಿ ಮುಂದಿನ ಸಿಲಿಂಡರಿನ ಬೋಲ್ಟುಗಳು, ಕುಂಕುಮದ ಬೊಟ್ಟಿರುವವುಗಳಲ್ಲಿ ಹಿಂದಿನದರವು. ನೋಡಲು ಎಲ್ಲವೂ ಒಂದೇ ಥರ ಕಾಣುತ್ತವೆ.

ಅವರ ಬೆರಳುಗಳ ನಡುವೆ ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿ. ಅದನ್ನು ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಸಂದಿಗೆ ತೂರಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಎಳೆಯುತ್ತಾರೆ. "ಬಿಗಿಯಾಗೂ ಬರ್ಬಾರ್ದು, ಸಡಿಲ್ವಾಗೂ ಬರ್ಬಾರ್ದು ಮೇಡಂ. ಮಡಿಸಿದ ಪಂಚೆ ಒಳಗಿಂದ ದಾರ ಎಳ್ದಂಗಿರ್ಬೇಕು," ಎಂದು ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. ಈ ಅಳತೆಯನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಬೇಕು. ಬಿಸಿಲು ಬಿದ್ದು ತಗಡು ಕಾದರೆ ಲೋಹ ಹಿಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ನಾಲ್ಕು ತಿಂಗಳಿಂದ ಅವರು ಈ ಗಾಡಿಯನ್ನು ಮುಟ್ಟುವುದು ಸೂರ್ಯ ಹುಟ್ಟುವ ಮೊದಲು ಮಾತ್ರ.

ಚಿಕ್ಕಯ್ಯನವರಿಗೆ ಐವತ್ತೊಂಬತ್ತು. ಊರು ಹರದನಹಳ್ಳಿಯ ಕಡೆ. ತಂದೆ ಕೂಲಿ ಮಾಡುತ್ತಿದ್ದರು. ಏಳನೇ ತರಗತಿ ಮುಗಿಸಿದ ಚಿಕ್ಕಯ್ಯ ಡೀಸೆಲ್ ಪಂಪ್‌ಸೆಟ್ ರಿಪೇರಿಯವರೊಬ್ಬರ ಹಿಂದೆ ಸ್ಪಾನರ್ ಚೀಲ ಹೊತ್ತು ಊರೂರು ತಿರುಗಿದರು. ಬಾವಿಯ ದಂಡೆಯಲ್ಲಿ ರಾತ್ರಿ ಹಗಲು ಬಡಿಯುವ ಆ ಎಂಜಿನ್ನುಗಳೇ ಅವರ ಶಾಲೆ. ಈ ಅಂಗಡಿ ಹಾಕಿ ಮೂವತ್ತೊಂದು ವರ್ಷವಾಯಿತು. ಬೋರ್ಡು ಇಲ್ಲ. ದಿನಕ್ಕೆ ಹನ್ನೆರಡು, ಹದಿನೈದು ಗಾಡಿ ಬರುತ್ತವೆ. ಹೆಚ್ಚಿನವು ತೆಂಗಿನಕಾಯಿ ಮೂಟೆ ಹೊತ್ತು ಸೊರಗಿದ ಮೊಪೆಡ್‌ಗಳು. ಚಿಕ್ಕಯ್ಯನವರ ಬಲಗೈಯ ತೋರುಬೆರಳು ಉಗುರಿನ ಬುಡದಿಂದ ಸೊಟ್ಟಗಿದೆ. ಪಂಪಿನ ಬೆಲ್ಟಿಗೆ ಸಿಕ್ಕಿತ್ತಂತೆ. ಅದನ್ನವರು ಹೇಳಿದ್ದು ಕೇಳಿದ್ದಕ್ಕಷ್ಟೇ.

ಈ ದೊಡ್ಡ ಗಾಡಿ ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುವ ಪ್ರದ್ಯುಮ್ನ ಅವರದು. ಹೊಳೆನರಸೀಪುರದ ಹಳೆಯ ಮನೆತನ. ತಂದೆ ಯೋಗಾನರಸಿಂಹ ಹಡಗುಕಟ್ಟೆಯೊಂದರಲ್ಲಿ ಎಂಜಿನಿಯರಾಗಿದ್ದು, ನಿವೃತ್ತಿಯ ಹೊತ್ತಿಗೆ ವಿದೇಶದಿಂದ ತರಿಸಿಕೊಂಡ ಎಂಬತ್ತರ ದಶಕದ ವಿ-ಟ್ವಿನ್ ಇದು. ಅವರು ತೀರಿಕೊಂಡ ಮೇಲೆ ಆರು ವರ್ಷ ಹೊದಿಕೆಯ ಕೆಳಗೆ ನಿಂತಿತ್ತು. ಹೋದ ವರ್ಷ ಮಗ ಅದನ್ನು ತಳ್ಳಿಕೊಂಡು ಚಿಕ್ಕಯ್ಯನವರ ಹತ್ತಿರ ತಂದರು. ಚಿಕ್ಕಯ್ಯ ಎರಡೂ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಹತ್ತೇ ದಿನದಲ್ಲಿ ಸ್ಟಾರ್ಟ್ ಮಾಡಿದರು. ತೊಂದರೆ ಶುರುವಾದದ್ದು ಆಮೇಲೆ.

"ಪಂಪ್‌ಸೆಟ್ ಕೇಳ್ಕಂಡ್ ಬೆಳ್ದ ಕಿವಿ ನಂದು. ಡಬ್ ಡಬ್ ಡಬ್ ಅಂತ ಒಂದೇ ಸಮ ಓಡ್ಬೇಕು. ಇದು ನೋಡುದ್ರೆ ಡುಗುಡುಗ್… ಡುಗುಡುಗ್ ಅಂತದೆ. ಕುಂಟ್ತಾ ಅದೆ ಅನ್ಕಂಬುಟ್ಟೆ."

ಕುಂಟನ್ನು ಗುಣಪಡಿಸಲು ಅವರು ಹನ್ನೊಂದು ದಿನ ತೆಗೆದುಕೊಂಡರು. ಹಿಂದಿನ ಸಿಲಿಂಡರಿಗೆ ಪೆಟ್ರೋಲ್ ಹೆಚ್ಚಾಗಿ ಅದು ತಡವಾಗಿ ಮಾತಾಡುತ್ತಿದೆ ಎಂದು ಅವರ ಎಣಿಕೆ. ಪೆಟ್ರೋಲ್ ಕಡಿಮೆ ಮಾಡುತ್ತ ಹೋದರು. ಸದ್ದು ಸಣ್ಣದಾಯಿತು, ಕುಂಟು ಮರೆಯಾದ ಹಾಗೆ ಕೇಳಿಸಿತು. ಆ ದಿನಗಳಲ್ಲೊಮ್ಮೆ, ಅಂಗಡಿಯ ಹಿಂದೆಯೇ ಇರುವ ಮನೆಯಿಂದ ಅವರ ಹೆಂಡತಿ ಮಾದಮ್ಮ ಬಂದು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದರು. ಅದನ್ನು ಈಗ ಅವರ ಬಾಯಿಂದಲೇ ಕೇಳಬೇಕು.

"ಮದ್ವೆ ಆದ ಹೊಸದ್ರಲ್ಲಿ ನಾನೂ ನಮ್ಮತ್ತೇನೂ ಭತ್ತ ಕುಟ್ತಿದ್ವು. ಒಂದೇ ಒಳ್ಳು, ಎಲ್ಡು ಒನ್ಕೆ. ನಮ್ಮತ್ತೆ ಎತ್ರ, ನಾನು ಗಿಡ್ಡ. ಅವ್ರುದು ಬಿದ್ದೇಟ್ಗೆ ನಂದು ಬೀಳೋದು, ಆಮೇಲೆ ಒಸಿ ತಡ. ಈ ಗಾಡೀನೂ ಅಂಗೇ ಸದ್ದು ಮಾಡ್ತಾ ಅದೆ, ಅದ್ರ ಪಾಡಿಗೆ ಬುಡಿ ಅಂದೆ. ನಂಗೇನ್ ಅಂದ್ರು ಕೇಳಿ."

"ಸುಮ್ಕಿರಮ್ಮಿ, ಒಳ್ಳುಕಲ್ ಅಲ್ಲ ಇದು, ಇಂಜಿನ್ನು ಅಂದೆ," ಎಂದು ಚಿಕ್ಕಯ್ಯ ನೆಲ ನೋಡುತ್ತ ಒಪ್ಪಿಕೊಳ್ಳುತ್ತಾರೆ.

ಮಾದಮ್ಮ ಹೇಳಿದ್ದೇ ಸರಿ. ಈ ಎಂಜಿನ್ನಿನಲ್ಲಿ ಎರಡು ಪಿಸ್ಟನ್‌ಗಳ ರಾಡುಗಳೂ ಕೆಳಗೆ ಒಂದೇ ಪಿನ್ನಿಗೆ ಸೇರುತ್ತವೆ. ಹಾಗಾಗಿ ಪೆಟ್ಟುಗಳ ನಡುವಿನ ಅಂತರ ಸಮವಿರುವುದಿಲ್ಲ. ಅದು ರೋಗವಲ್ಲ, ಹುಟ್ಟುಗುಣ. ಪೆಟ್ರೋಲ್ ಸಾಲದ ಹಿಂದಿನ ಸಿಲಿಂಡರ್, ಮೊದಲೇ ಗಾಳಿ ಕಡಿಮೆ ಬೀಳುವ ಜಾಗದಲ್ಲಿರುವುದರಿಂದ, ಒಳಗೊಳಗೇ ಬೆಂದಿತು. ಚನ್ನರಾಯಪಟ್ಟಣಕ್ಕೆ ಹೋಗಿ ಬರುತ್ತಿದ್ದ ಪ್ರದ್ಯುಮ್ನ ದಾರಿಯಲ್ಲೇ ನಿಂತರು. ಬಿಚ್ಚಿ ನೋಡಿದರೆ ಪ್ಲಗ್ಗಿನ ತುದಿ ಬೂದಿಯಂತೆ ಬೆಳ್ಳಗಾಗಿತ್ತು. ಹೊಗೆ ಹೊರಗೆ ಬಿಡುವ ವಾಲ್ವಿನ ಅಂಚು, ಇಲಿ ಕಡಿದ ರೊಟ್ಟಿಯ ಹಾಗೆ, ಸುಟ್ಟುಹೋಗಿತ್ತು.

ಹಳೆಯ ಗಾಡಿ, ಪೆಟ್ರೋಲ್ ಸರಿಯಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಪ್ರದ್ಯುಮ್ನ ತಾವೇ ಹೆಚ್ಚು ವೇಗ ಹೋದದ್ದು ತಪ್ಪಾಯಿತೇನೋ ಎಂದುಕೊಂಡಿದ್ದರು. ಆದರೆ ಚಿಕ್ಕಯ್ಯ ಸುಟ್ಟ ವಾಲ್ವನ್ನು ಪೇಪರಿನಲ್ಲಿ ಸುತ್ತಿಕೊಂಡು ಹಾಸನದ ಬಸ್ಸು ಹತ್ತಿದರು. "ಅವ್ರ ಮನೆ ಜಗ್ಲಿ ಮ್ಯಾಲೆ ಬಿಚ್ಚಿಟ್ಟೆ. ಸಾ, ಇದ್ನ ಕೆಡ್ಸಿದ್ದು ನಾನೇ ಅಂದೆ." ಆ ವಾಲ್ವು ಈಗ ಅಂಗಡಿಯ ಒಳಗೋಡೆಯಲ್ಲಿ, ದೇವರ ಪಟದ ಪಕ್ಕದ ಮೊಳೆಗೆ ತಂತಿಯಿಂದ ನೇತಾಡುತ್ತಿದೆ.

ಗಾಡಿಯನ್ನು ಬೆಂಗಳೂರಿನ ಗ್ಯಾರೇಜಿಗೆ ಸಾಗಿಸಿಬಿಡಿ ಎಂದು ಮನೆಯವರು ಪ್ರದ್ಯುಮ್ನ ಅವರಿಗೆ ಹೇಳಿದರು. ಅವರು ಇನ್ನೊಂದೇ ಒಂದು ಅವಕಾಶ ಕೊಟ್ಟರು. ಹೊಸ ವಾಲ್ವು ಹೊರದೇಶದಿಂದ ಬರಲು ಮೂರು ತಿಂಗಳು ಹಿಡಿಯಿತು. ಅದನ್ನು ಚಿಕ್ಕಯ್ಯ ಪೇಸ್ಟ್ ಹಚ್ಚಿ, ಕೋಲಿನಿಂದ ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿ, ಅದರ ಗೂಡಿಗೆ ಕೂರಿಸಿದರು. ಮೇಲೆ ಸೀಮೆಎಣ್ಣೆ ಸುರಿದು ಒಂದು ಹನಿಯೂ ಸೋರದವರೆಗೆ ಏಳು ಸಲ ಬಿಚ್ಚಿ ಕಟ್ಟಿದರು. ಹಿಂದಿನ ಸಿಲಿಂಡರಿಗೆ ಪೆಟ್ರೋಲನ್ನು ಮೊದಲಿನಷ್ಟೇ ಬಿಟ್ಟರು. ಇವತ್ತು ಪರೀಕ್ಷೆ. ಪ್ರದ್ಯುಮ್ನ ಕೊಣನೂರಿಗೆ ಹೋಗಿ ವಾಪಸು ಬರಬೇಕು. ದಾರಿಯಲ್ಲಿ ನಿಂತರೆ, ಹೇಳಿಟ್ಟಿರುವ ಟೆಂಪೋ ಬಂದು ಗಾಡಿಯನ್ನು ಹೊತ್ತು ನೇರ ಬೆಂಗಳೂರಿಗೆ ಹೋಗುತ್ತದೆ.

"ಅಂಗಾದ್ರೆ ನಾನಿನ್ನು ದೊಡ್ಡ ಗಾಡಿ ಮುಟ್ಟಾಕಿಲ್ಲ," ಎನ್ನುತ್ತಾರೆ ಚಿಕ್ಕಯ್ಯ. ದನಿಯಲ್ಲಿ ಏರಿಳಿತವಿಲ್ಲ. ಮೊದಲೇ ತೀರ್ಮಾನಿಸಿದ ಮಾತು.

ಏಳು ಗಂಟೆಗೆ ಪ್ರದ್ಯುಮ್ನ ಹೊರಡುತ್ತಾರೆ. ಹೆಚ್ಚೆಂದರೆ ಎರಡು ಗಂಟೆಯ ದಾರಿ. ಸದ್ದು ತಿರುವಿನಾಚೆ ಕರಗುತ್ತದೆ. ಚಿಕ್ಕಯ್ಯ ಖಾಲಿ ಕರಟಗಳನ್ನು ಒಂದರೊಳಗೊಂದು ಜೋಡಿಸಿ ಎತ್ತಿಟ್ಟು, ಮೊಪೆಡ್ಡೊಂದರ ಚೈನಿಗೆ ಕೈ ಹಾಕುತ್ತಾರೆ. ಒಂಬತ್ತಾಗುತ್ತದೆ. ಒಂಬತ್ತೂಕಾಲಾಗುತ್ತದೆ. ಅದೇ ಚೈನನ್ನು ಅವರು ಮೂರನೇ ಸಲ ಒರೆಸುತ್ತಿದ್ದಾರೆ. ಫೋನು ಹಲಗೆಯ ಮೇಲೆ ಮುಖ ಮೇಲಾಗಿ ಬಿದ್ದಿದೆ.

ತೆಂಗಿನಕಾಯಿ ವ್ಯಾಪಾರದ ರಾಮಣ್ಣ ತಮ್ಮ ಮೊಪೆಡ್ ತಂದು ನಿಲ್ಲಿಸಿ ಅರ್ಧ ಗಂಟೆಯಾಗಿದೆ. "ಏನ್ಲಾ ಚಿಕ್ಕ, ಆ ಕೋಣ ಬರೋಗಂಟ ನನ್ ಕುರಿ ನೋಡಾಕಿಲ್ವಾ?"

"ತಡ್ಕೊ ಮಾರಾಯ."

"ಕೊಣನೂರ್ ಸಂತೇಲಿ ಮಾರ್ಬುಟ್ರೇನೋ ನಿಮ್ ಮೇಷ್ಟ್ರು!"

ಯಾರೂ ನಗುವುದಿಲ್ಲ. ರಾಮಣ್ಣನೂ ರಸ್ತೆಯ ಕಡೆ ನೋಡುತ್ತಾರೆ. ರಸ್ತೆಯಲ್ಲಿ ಬಸ್ಸೊಂದು ಹೋಗುತ್ತದೆ, ಅದರ ಹಿಂದೆ ಟ್ರ್ಯಾಕ್ಟರು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದ ಮಾದಮ್ಮ ಇದ್ದಕ್ಕಿದ್ದಂತೆ ನಲ್ಲಿ ನಿಲ್ಲಿಸುತ್ತಾರೆ. ತಲೆಯನ್ನು ಸ್ವಲ್ಪ ವಾರೆ ಮಾಡುತ್ತಾರೆ.

"ಬಂತು ಕಣ್ ತಗಳಿ. ಎಲ್ಡೂ ಒನ್ಕೆ ಬೀಳ್ತಾ ಅವೆ."

ಉಳಿದವರಿಗೆ ಅದು ಕೇಳಿಸಲು ಇನ್ನೂ ಸ್ವಲ್ಪ ಹೊತ್ತು ಬೇಕಾಗುತ್ತದೆ. ಚಿಕ್ಕಯ್ಯ ತಲೆ ಎತ್ತುವುದಿಲ್ಲ. ಗಾಡಿ ಅಂಗಡಿಯ ಮುಂದೆ ಬಂದು ನಿಂತ ಮೇಲೆ ಎದ್ದು, ಚೊಂಬಿನಲ್ಲಿ ಬೆರಳದ್ದಿ, ಮುಂದಿನ ಸಿಲಿಂಡರಿನ ಮೇಲೆ ಒಂದು ಹನಿ, ಹಿಂದಿನದರ ಮೇಲೆ ಒಂದು ಹನಿ ನೀರು ಬೀಳಿಸುತ್ತಾರೆ. ಎರಡೂ ಚುಯ್ ಎಂದು ಹೆಚ್ಚುಕಡಿಮೆ ಒಟ್ಟಿಗೇ ಆರುತ್ತವೆ; ಹಿಂದಿನದು ಹೆಚ್ಚು ಕಾದಿಲ್ಲ. ಆಗ ಅವರ ಹೆಗಲು ಇಳಿಯುತ್ತದೆ.

"ಕೊಣನೂರಲ್ಲಿ ಕಾಫಿ ಕುಡಿದೆ, ತಡವಾಯ್ತು," ಎನ್ನುತ್ತ ಪ್ರದ್ಯುಮ್ನ ಹೆಲ್ಮೆಟ್ ತೆಗೆಯುತ್ತಾರೆ. "ಎಲ್ಲೂ ನಿಲ್ಲಲಿಲ್ಲ ಚಿಕ್ಕಯ್ಯನವರೇ. ಆದರೆ ನಿಧಾನಕ್ಕೆ ಹೋಗುವಾಗ ಈಗಲೂ ಕುಂಟಿದ ಹಾಗೆ ಕೇಳುತ್ತಲ್ಲ?"

"ಅದ್ನ ಇವ್ಳುನ್ನ ಕೇಳಿ ಸಾ," ಎಂದು ಚಿಕ್ಕಯ್ಯ ನಲ್ಲಿಯ ಕಡೆ ಕೈ ತೋರಿಸುತ್ತಾರೆ.

ಮಾದಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಪ್ರದ್ಯುಮ್ನ ಟೆಂಪೋದವನಿಗೆ ಫೋನ್ ಮಾಡಿ, ಬರುವುದು ಬೇಡ ಎನ್ನುತ್ತಾರೆ. ಮತ್ತೆ ಒಳಗೋಡೆಯ ಕಡೆ ನೋಡಿ, ಇನ್ನಾದರೂ ಆ ವಾಲ್ವನ್ನು ತೆಗೆದು ಬಿಸಾಡಿ ಎಂದು ಹೇಳುತ್ತಾರೆ.

"ಇರ್ಲಿ ಬುಡಿ ಸಾ. ಗಾಡಿ ರಿಪೇರಿ ಮಾಡಿದ್ದು ನಾನು. ನನ್ ಕಿವಿ ರಿಪೇರಿ ಮಾಡಿದ್ದು ಅದು."

ಇಷ್ಟು ಹೇಳಿ ಚಿಕ್ಕಯ್ಯ ಕೈ ಒರೆಸಿಕೊಂಡು ತಿರುಗುತ್ತಾರೆ. "ತತ್ತಾ ರಾಮಣ್ಣ, ಎಲ್ಲಿ ನಿನ್ ಕುರಿ?"