ಕಂಬಳಿಯೊಳಗಿನ ಹಸಿರು

ಪ್ರಾಜೆಕ್ಟಿನ ವಿಷಯ ಹಂಚಿದ್ದು ಜನವರಿಯ ಮೊದಲ ಸೋಮವಾರ. ಲಿಂಗಸುಗೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದವರು ನಾವು ಹನ್ನೊಂದು ಮಂದಿ. ನಮಗೆಲ್ಲ ಸೇರಿ ಗೈಡ್ ಒಬ್ಬರೇ ಸರ್. ಅವರು ಕಬ್ಬಿಣದ ಕಪಾಟು ತೆಗೆದು, ಹಿಂದಿನ ವರ್ಷಗಳ ಪ್ರಾಜೆಕ್ಟ್ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದರು.

"ಒಬ್ಬೊಬ್ರು ಒಂದೊಂದು ತಗೊಳ್ರಿ. ಊರ ಹೆಸರು ಬದಲ ಮಾಡ್ರಿ, ಇಸವಿ ಬದಲ ಮಾಡ್ರಿ. ನನ್ನ ತಲಿ ತಿನ್ನಬ್ಯಾಡ್ರಿ."

ಹತ್ತು ಮಂದಿ ತಗೊಂಡರು. ನಾನು ತಗೊಳ್ಳಲಿಲ್ಲ.

ದೊಡ್ಡ ಆದರ್ಶವೇನೂ ಇರಲಿಲ್ಲ. ಚಿಕ್ಕಂದಿನಿಂದ ನಾನು ಎಣಿಸಿ ಬರೆದಿಡುವವಳು. ಅಪ್ಪನ ಕುರಿ ಎಷ್ಟು ಈದವು, ಮಸ್ಕಿಯಲ್ಲಿ ನಮ್ಮ ಓಣಿಗೆ ನೀರು ಯಾವ ವಾರ ಬಂತು, ಎಲ್ಲಕ್ಕೂ ತಾರೀಖು ಹಾಕುತ್ತಿದ್ದೆ. ಬೇರೆ ಯಾರೋ ಎಣಿಸಿದ್ದನ್ನು ನಾನು ಎಣಿಸಿದೆ ಎಂದು ಬರೆಯಲು ಕೈ ಬರಲಿಲ್ಲ, ಅಷ್ಟೇ.

ನನಗೆ ಬೇರೊಂದು ಪ್ರಶ್ನೆ ಇತ್ತು. ಅವ್ವ ನಾಟಿ ಹಚ್ಚಲು ಬಳಗಾನೂರಿನ ಕಡೆ ಹೋಗುತ್ತಾಳೆ. ಅಲ್ಲಿ ಕೆಲವು ಗದ್ದೆಗಳಿಗೆ ಸವುಳು ಏರಿದೆ. ನೀರು ಆರಿದರೆ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕೂರುತ್ತದೆ. ಅಂಥ ಗದ್ದೆಯಲ್ಲಿ ಭತ್ತದ ಸಸಿ ಒಂದಷ್ಟು ದಿನ ಹಸಿರಾಗಿಯೇ ನಿಂತು, ಆಮೇಲೆ ಒಮ್ಮೆಗೇ ಹಳದಿಯಾಗಿ ಹೋಗುತ್ತದೆ. ಮೊದಲು ಸಾಯುವುದು ಯಾವುದು, ಬೇರೋ ಎಲೆಯೋ? ಎಲೆಯನ್ನು ಯಾರಾದರೂ ನೋಡಬಹುದು. ಬೇರು ಬದುಕಿದೆಯೋ ಸತ್ತಿದೆಯೋ ಎಂದು ಕಿತ್ತು ನೋಡಿದರೂ ತಿಳಿಯುವುದಿಲ್ಲ. ಎರಡೂ ಬೆಳ್ಳಗೇ ಇರುತ್ತವೆ.

ತಿಳಿಯುವ ಒಂದು ದಾರಿ ನಮ್ಮ ಕಾಲೇಜಿನ ಫ್ರಿಜ್ಜಿನಲ್ಲೇ ಇತ್ತು. ಫ್ಲೋರೆಸೀನ್ ಡೈಅಸಿಟೇಟ್ ಎಂಬ ಪುಡಿಯ ಸಣ್ಣ ಶೀಷೆ, ಸೀಲು ಸಹ ಒಡೆದಿರಲಿಲ್ಲ. ಕೇಳಿದಾಗ ಸರ್, "ಅದು ಇನ್ಸ್‌ಪೆಕ್ಷನ್‌ಗೆ ತರಿಸಿದ್ದವಾ, ಮುಟ್ಟಾಕಲ್ಲ" ಎಂದರು.

ಈ ಪುಡಿ ತಾನಾಗಿ ಹೊಳೆಯುವುದಿಲ್ಲ. ಅಸಿಟೋನಿನಲ್ಲಿ ಕರಗಿಸಿ, ಒಂದು ಹನಿಯನ್ನು ನೀರಿಗೆ ಬೆರೆಸಿ, ಅದರಲ್ಲಿ ಬೇರಿನ ತುದಿಯನ್ನು ಅದ್ದಬೇಕು. ಬಣ್ಣ ಜೀವಕೋಶದ ಒಳಗೆ ಹೋಗುತ್ತದೆ. ಕೋಶ ಬದುಕಿದ್ದರೆ ಅದರ ಕಿಣ್ವಗಳು ಆ ಅಣುವನ್ನು ಕತ್ತರಿಸುತ್ತವೆ. ಕತ್ತರಿಸಿದ ತುಂಡಿನ ಮೇಲೆ ನೀಲಿ ಬೆಳಕು ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಕೋಶದ ಪೊರೆ ಗಟ್ಟಿಯಿದ್ದರೆ ಆ ಹಸಿರು ಒಳಗೇ ನಿಲ್ಲುತ್ತದೆ. ಸತ್ತ ಕೋಶದಲ್ಲಿ ಕತ್ತರಿಸುವುದಕ್ಕೂ ಏನಿಲ್ಲ, ಹಿಡಿದಿಡುವುದಕ್ಕೂ ಏನಿಲ್ಲ. ಅದು ಕತ್ತಲೆ. ಜೀವ ಇರುವಲ್ಲಿ ಮಾತ್ರ ಹೊತ್ತಿಕೊಳ್ಳುವ ಬಣ್ಣ. ಇದನ್ನು ಓದಿದ ದಿನ ನನಗೆ ಮಧ್ಯಾಹ್ನದ ಊಟ ಮರೆತುಹೋಗಿತ್ತು.

"ಇದನ್ನ ನೋಡಾಕ ಬ್ಯಾರೆ ಮೈಕ್ರೋಸ್ಕೋಪ್ ಬೇಕು," ಎಂದರು ಸರ್. "ನಮ್ಮಲ್ಲಿ ಇಲ್ಲ, ಬರಂಗೂ ಇಲ್ಲ. ಹಟ್ಟಿಯಾಗ ಬಂಗಾರ ಸಿಗತೈತಿ ಅಂತ ನಿಮ್ಮ ಹಿತ್ತಲ ಅಗದ್ರ ಸಿಗತೈತೇನು?"

"ಅಗದು ನೋಡ್ತೀನ್ರೀ ಸರ್."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಫ್ರಿಜ್ಜಿನ ಬೀಗದ ಕೈ ಮೇಜಿನ ಮೇಲೆ ಒಗೆದರು. ಅದು ಒಪ್ಪಿಗೆ ಅಲ್ಲ, ಬೇಸರ. ನನಗೆ ಅಷ್ಟು ಸಾಕಿತ್ತು.

ನೀಲಿ ಬೆಳಕು ಸಿಂಧನೂರಿನಲ್ಲಿ ಸಿಕ್ಕಿತು. ಅಲ್ಲಿ ಟ್ರ್ಯಾಕ್ಟರುಗಳನ್ನು ಮದುಮಗನ ಹಾಗೆ ಸಿಂಗರಿಸುತ್ತಾರೆ. ಬಂಪರಿಗೆ ಹಾಕುವ ನೀಲಿ ಎಲ್‌ಇಡಿ ಪಟ್ಟಿ ಬಸ್ ಸ್ಟ್ಯಾಂಡಿನ ಹತ್ತಿರ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅಂಗಡಿಯವ, "ಯಾವ ಗಾಡಿಗಿ ಅಕ್ಕಾ?" ಎಂದ. ಬೇರಿಗೆ ಎಂದರೆ ಅವನಿಗೆ ಏನು ತಿಳಿದೀತು, "ಸಣ್ಣ ಗಾಡಿಗಿ" ಎಂದೆ. ಬೆಳೆಗೆ ಕ್ರಿಮಿನಾಶಕ ಎಣ್ಣೆ ಹೊಡೆಯುವ ಬ್ಯಾಟರಿ ಪಂಪಿನಿಂದ ಬ್ಯಾಟರಿ ತೆಗೆದೆ. ಕಣ್ಣಿಗೆ ನೀಲಿ ಬರದಂತೆ ತಡೆದು ಹಸಿರನ್ನು ಮಾತ್ರ ಬಿಡಲು ಪೆಂಡಾಲ್ ಅಂಗಡಿಯ ಹಳದಿ ಜಿಲೇಟಿನ್ ಹಾಳೆ. ಒಂದು ಪದರಕ್ಕೆ ನೀಲಿ ಸೋರಿತು, ಎರಡಕ್ಕೂ ಸೋರಿತು, ಮೂರಕ್ಕೆ ನಿಂತಿತು. ಕಾಲೇಜಿನ ಹಳೆಯ ಮೈಕ್ರೋಸ್ಕೋಪಿನ ಕೊಳವೆಯ ಮೇಲೆ ಮೂರು ಪದರ ಕಟ್ಟಿ, ಪಕ್ಕದಿಂದ ಬೆಳಕು ಬಿಟ್ಟೆ.

ಕತ್ತಲೆಯೊಂದು ಬಾಕಿ ಇತ್ತು. ಲ್ಯಾಬಿನ ಎಂಟು ಕಿಟಕಿಗಳಲ್ಲಿ ಐದಕ್ಕೆ ಬಾಗಿಲಿಲ್ಲ. ಅಪ್ಪನ ಕರಿ ಕಂಬಳಿ ತಂದೆ. ಅದು ನಮ್ಮ ಕುರಿಗಳ ಉಣ್ಣೆಯದೇ. ಮಳೆ, ಚಳಿ, ಬಿಸಿಲು ಮೂರಕ್ಕೂ ಅಪ್ಪನಿಗೆ ಅದೇ. ಮಸ್ಕಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಕೂತರೆ ಕಂಡಕ್ಟರು, "ಯಾಕವಾ ತಂಗಿ, ಕಾಲೇಜಿಗೆ ಮಲಗಾಕ ಹೊಂಟಿಯೇನು?" ಎಂದರು.

"ಹೂಂ ರೀ. ನೀವು ಟಿಕೀಟು ಹರೀರಿ, ದಿಂಬು ನಾಳೆ ತರ್ತೀನಿ."

ಮೈಕ್ರೋಸ್ಕೋಪಿನ ಜೊತೆ ಕಂಬಳಿಯೊಳಗೆ ಕೂತಾಗ ಕುರಿಯ ವಾಸನೆ, ಬೆವರು, ಕಣ್ಣಿಗೆ ಇಳಿಯುವ ಉಪ್ಪು. ಆಮೇಲೆ ಹಸಿರು. ಭತ್ತದ ಬೇರಿನ ತುದಿ, ಒಂದೊಂದು ಕೋಶವೂ ಬೇರೆ ಬೇರೆಯಾಗಿ, ಇಟ್ಟಿಗೆ ಜೋಡಿಸಿದ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಕುದಿಸಿ ಸಾಯಿಸಿದ ಬೇರು ಇತ್ತು. ಅಲ್ಲಿ ಏನೂ ಇಲ್ಲ. ಆ ವಾರ ಇಪ್ಪತ್ತು ಬದುಕಿದ ಬೇರು ನೋಡಿದೆ, ಇಪ್ಪತ್ತೂ ಹಸಿರು. ಇಪ್ಪತ್ತು ಕುದಿಸಿದ್ದು ನೋಡಿದೆ, ಇಪ್ಪತ್ತೂ ಕತ್ತಲೆ. ಬಳಗಾನೂರು ಮತ್ತು ಮುಕ್ಕುಂದದ ಸವುಳು ಮಣ್ಣನ್ನು ನೀರಿನಲ್ಲಿ ಕಲಸಿ ಸೋಸಿ, ಆ ನೀರಿನಲ್ಲಿ ಸಸಿ ಬೆಳೆಸಲು ಶುರು ಮಾಡಿದೆ.

ಫೆಬ್ರುವರಿಯಲ್ಲಿ ಅಕ್ಕನ ಮದುವೆ ಬಂತು. ಒಂದು ವಾರ ಕಾಲೇಜಿಗೆ ಹೋಗಲಿಲ್ಲ. ಅರಿಶಿಣ ಹಚ್ಚುವ ದಿನ ಪರಾತದ ತುಂಬ ಅರಿಶಿಣಕ್ಕೆ ಎಣ್ಣೆ ಹಾಕಿ ಕಲಸುವ ಕೆಲಸ ನನ್ನದು. ಅಕ್ಕನಿಗೆ ಹಚ್ಚಿದ್ದಕ್ಕಿಂತ ನಾವು ಒಬ್ಬರಿಗೊಬ್ಬರು ಬಳಿದುಕೊಂಡದ್ದೇ ಹೆಚ್ಚು.

ಮರಳಿ ಹೋಗಿ ಬೇರು ನೋಡಿದೆ. ಕುದಿಸಿದ ಹನ್ನೆರಡರಲ್ಲಿ ಒಂಬತ್ತು ಹೊಳೆದವು.

ಮರುದಿನ ಹೊಸದಾಗಿ ಕುದಿಸಿದೆ. ಮತ್ತೆ ಹೊಳೆದವು. ಪುಡಿ ಕೆಟ್ಟಿತೇ? ಜಿಲೇಟಿನ್ ಹಾಳೆ ಬಿಸಿಗೆ ಬಣ್ಣ ಬಿಟ್ಟಿತೇ? ಹೊಸ ಹಾಳೆ ಕಟ್ಟಿದೆ, ಹೊಸ ದ್ರಾವಣ ಮಾಡಿದೆ. ಸತ್ತದ್ದು ಹೊಳೆಯುತ್ತಲೇ ಇತ್ತು. ಅಂದು ಸರ್ ಕಂಬಳಿಯ ಅಂಚು ಎತ್ತಿ ಇಣುಕಿದರು.

"ಸತ್ತಿದ್ದೂ ಹೊಳಿತು, ಬದುಕಿದ್ದೂ ಹೊಳಿತು. ಮತ್ತ ನೀ ಏನ್ ತೋರಸಾಕತ್ತಿ?" ಎಂದರು. ದನಿ ಏರಿಸಲಿಲ್ಲ. "ಮಾರ್ಚ್ ಬಂತು. ಕಪಾಟಿನ್ಯಾಗ ಇನ್ನೂ ಪುಸ್ತಕ ಅದಾವು. ನಾ ಸಹಿ ಮಾಡಲಿಲ್ಲಂದ್ರ ಮಾರ್ಕ್ಸ್ ಹಾಕಾಕ ಬರಂಗಿಲ್ಲ. ಒಂದು ವರ್ಷ ಹೊಕ್ಕೈತಿ ನೋಡು."

"ಕಾರಣ ಹುಡುಕ್ತೀನ್ರೀ."

"ಸಿಗದಿದ್ರ?"

"ಸಿಗಲಿಲ್ಲ ಅಂತ ಬರೀತೀನಿ. ಕಪಾಟಿಂದು ಒಲ್ಲೆ ರೀ."

ಹೇಳಿದೆನಾದರೂ ಬಸ್ಸಿನಲ್ಲಿ ಆ ಒಂದು ವರ್ಷದ ಲೆಕ್ಕ ಹಾಕುತ್ತಾ ಕೂತೆ. ಒಂದು ವರ್ಷ ಹೋದರೆ ಮತ್ತೆ ಕಳಿಸುತ್ತಾರೆಂಬ ನಂಬಿಕೆ ನನಗೆ ಇರಲಿಲ್ಲ. ಮನೆಯಲ್ಲಿ ಯಾರೂ ಬೇಡ ಎನ್ನುವವರಲ್ಲ. ಆದರೆ ಅಕ್ಕನ ಮದುವೆ ಮುಗಿದಿತ್ತು, ಮುಂದಿನ ಸರದಿ ಯಾರದೆಂದು ಬಂದವರೆಲ್ಲ ನನ್ನ ಕಡೆ ನೋಡಿ ಹೋಗಿದ್ದರು.

ಭಾನುವಾರ ಮಧ್ಯಾಹ್ನ ಬೆಳಕು ಎಲ್ಲಿಂದಾದರೂ ಸೋರುತ್ತಿದೆಯೇ ಎಂದು ನೋಡಲು ಎಲ್‌ಇಡಿ, ಹಾಳೆ ಹಿಡಿದು ನಡುಮನೆಯಲ್ಲಿ ಕಂಬಳಿ ಹೊದ್ದು ಕೂತೆ. ಅವ್ವ ಬಂದು ನಿಂತದ್ದು ಕಾಲಿನ ಸಪ್ಪಳದಿಂದ ತಿಳಿಯಿತು.

"ಈ ಉರಿ ಬಿಸಲಾಗ ಕಂಬಳಿ ಹೊದ್ದು ಕುಂತಿಯಲ್ಲಲೇ, ಮೈಯಾಗ ಆರಾಮ ಐತಿಲ್ಲೊ?"

"ಆರಾಮ ಅದೀನಿ ಬೇ."

"ಆರಾಮ ಇದ್ದಾರು ಹಿಂಗ ಕುಂದರಂಗಿಲ್ಲ."

ಎಲ್‌ಇಡಿ ಹಿಡಿದ ನನ್ನ ಕೈಯನ್ನು ಹಾಳೆಯ ಮೂಲಕ ನೋಡುತ್ತಿದ್ದೆ. ಉಗುರುಗಳ ಅಂಚು ಹಸಿರಾಗಿ ಹೊಳೆಯುತ್ತಿತ್ತು. ಬೇರಿನಲ್ಲಿ ಕಂಡ ಅದೇ ಹಸಿರು, ತುಸು ಹಳದಿ ಹೆಚ್ಚು.

"ಯವ್ವಾ, ನಿನ್ನ ಕೈ ಒಳಗ ಹಾಕು."

"ಯಾಕ, ಕಡೀತಿಯೇನು?"

ಆದರೂ ಹಾಕಿದಳು. ಅವಳ ಕೈ ಮಣಿಕಟ್ಟಿನವರೆಗೂ ಹೊತ್ತಿಕೊಂಡಿತು; ಬೆರಳ ಗೆರೆಗಳಲ್ಲಿ, ಬಳೆಯ ಸಂದಿಯಲ್ಲಿ ಹಸಿರು. ನಾನು ಕಂಬಳಿ ಸಮೇತ ಎದ್ದು ಹೊಸ್ತಿಲಿಗೆ ಹೋದೆ. ಹೊಸ್ತಿಲು ಹೊಳೆಯಿತು. ಅಕ್ಕ ಕೂತಿದ್ದ ಮಣೆ ಹೊಳೆಯಿತು. ಅವ್ವ ಹಿಂದೆ ಹಿಂದೆ ಬರುತ್ತಾ, "ಮಂದಿ ನೋಡಿದ್ರ ದೇವರು ಬಂದಾವ ಅಂತಾರ, ಸುಮ್ನ ಕುಂದ್ರಲೇ," ಎಂದಳು. ಒಲೆಯ ಮುಂದೆ ಮಸಾಲೆ ಡಬ್ಬಿ ತೆಗೆದು ಅರಿಶಿಣದ ಬಟ್ಟಲಿಗೆ ಬೆಳಕು ಹಿಡಿದೆ. ಇನ್ನು ಅನುಮಾನ ಉಳಿಯಲಿಲ್ಲ.

ಅರಿಶಿಣಕ್ಕೂ ಇದೇ ಗುಣ. ನೀಲಿ ಬೆಳಕು ಬಿದ್ದರೆ ಹೊಳೆಯುತ್ತದೆ, ಅಸಿಟೋನಿನಲ್ಲಿ ಕರಗುತ್ತದೆ, ಅಂಗಾಂಶಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಬದುಕಿದ್ದು ಸತ್ತದ್ದು ಎಂಬ ಭೇದವಿಲ್ಲ. ನಾನು ಬೇರನ್ನು ಬೆರಳಿನಿಂದಲೇ ಎತ್ತುತ್ತಿದ್ದೆ. ಮದುವೆಮನೆ ನನ್ನ ಉಗುರಿನಲ್ಲಿ ಕೂತು ಲಿಂಗಸುಗೂರಿಗೆ ಬಂದಿತ್ತು.

ಸೋಮವಾರ ಲ್ಯಾಬಿನಲ್ಲಿ ಪರೀಕ್ಷಿಸಿದೆ. ಪುಡಿಯನ್ನೇ ಹಾಕದೆ, ಬರೀ ಅಸಿಟೋನ್ ಬೆರೆಸಿದ ನೀರಿನಲ್ಲಿ ಕುದಿಸಿದ ಬೇರನ್ನು ಬೆರಳಿನಿಂದ ಹಿಡಿದು ಅದ್ದಿದೆ: ಹೊಳೆಯಿತು. ಇನ್ನೊಂದನ್ನು ಚಿಮಟದಿಂದ ಹಿಡಿದು ಅದ್ದಿದೆ: ಕತ್ತಲೆ. ಅಂದಿನಿಂದ ಚಿಮಟವಿಲ್ಲದೆ ಬೇರು ಮುಟ್ಟಲಿಲ್ಲ. ಸತ್ತವು ಸತ್ತ ಹಾಗೆ ಕಾಣತೊಡಗಿದವು. ಸವುಳು ನೀರಿನ ಸಸಿಗಳಲ್ಲಿ ಎಲೆ ಇನ್ನೂ ಹಚ್ಚಗಿರುವಾಗಲೇ ಬೇರಿನ ತುದಿ ಕತ್ತಲಾಗುತ್ತಿತ್ತು. ನನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅದು: ನಾನು ನೋಡಿದ ಸಸಿಗಳಲ್ಲಿ, ಬೇರು ಮೊದಲು.

ಎಲ್ಲವನ್ನೂ ಬರೆದೆ. ಹೊಳೆದ ಸತ್ತ ಬೇರುಗಳ ಲೆಕ್ಕವನ್ನೂ, ಅರಿಶಿಣವನ್ನೂ ಒಂದು ಪುಟದಲ್ಲಿ ಬರೆದೆ. ಸರ್ ಓದುತ್ತಾ ಆ ಪುಟಕ್ಕೆ ನಿಂತರು.

"ಇದನ್ನ ತೆಗಿ."

"ಯಾಕ್ರೀ?"

"ಅರಿಶಿಣ ಅಂತ ಬರದ್ರ ನಗ್ತಾರ. ಪ್ರಾಜೆಕ್ಟ್ ಅಂದ್ರ ಅಡಗಿ ಮನಿ ಅಲ್ಲ."

"ನಗಲಿ ರೀ. ನಡದದ್ದು ಅದ."

"ಒಂದ್ ಪುಟಕ್ಕ ವರ್ಷ ಕಳ್ಕೊಂತಿಯೇನು?"

ನಾನು ಪುಟ ತೆಗೆಯಲಿಲ್ಲ. ಅವರು ಸಹಿ ಮಾಡಲಿಲ್ಲ. ನನ್ನ ಪುಸ್ತಕ ಸಹಿಯಿಲ್ಲದೆ ಅವರ ಮೇಜಿನ ಮೇಲೆ ಕೂತಿತು, ಉಳಿದ ಹತ್ತು ಸಹಿಯಾಗಿ ಕೂತವು. ಗೆಳತಿಯರು ಮೊದಲು ಬೈದರು, ಆಮೇಲೆ ಬೇಡಿಕೊಂಡರು. ಒಬ್ಬಳು ಆ ಪುಟವನ್ನು ತಾನೇ ಹರಿಯುತ್ತೇನೆ ಎಂದಳು. ಹರಿದರೆ ಹೊಸದಾಗಿ ಬರೆದು ಹಚ್ಚುತ್ತೇನೆ ಎಂದೆ.

ವೈವಾ ದಿನ ಹೊರಗಿನಿಂದ ಪರೀಕ್ಷಕರಾಗಿ ಒಬ್ಬ ಮೇಡಂ ಬಂದರು. ಸರ್ ಕ್ಯಾಂಟೀನಿನಿಂದ ಒಗ್ಗರಣಿ ಮಿರ್ಚಿ ತರಿಸಿದ್ದರು. ಮಂಡಾಳು ಅಂದರೆ ಮಂಡಕ್ಕಿಯ ಹಳದಿ ಒಗ್ಗರಣಿ ಇಲ್ಲದೆ ನಮ್ಮ ಕಡೆ ಯಾವ ಪರೀಕ್ಷೆಯೂ ಶುರುವಾಗುವುದಿಲ್ಲ. ಮೇಡಂ ಚಮಚದಿಂದ ತಿಂದರು, ಸರ್ ಕೈಯಿಂದ ತಿಂದು ಸೋಪು ಹಚ್ಚಿ ಕೈ ತೊಳೆದು ಬಂದರು. ನನ್ನ ಸರದಿ ಕೊನೆಗೆ.

ಮೇಡಂ ಪುಟ ತಿರುವಿದರು. "ಗೈಡ್ ಸಹಿ ಇಲ್ಲ. ಮತ್ತೆ, ಏನಮ್ಮ ಇದು ಅರಿಶಿಣ?"

"ಆ ಪುಟ ತೆಗೀತಾಳ ರೀ ಮೇಡಂ. ಆಮೇಲೆ ಸಹಿ ಮಾಡ್ತೀನಿ," ಎಂದರು ಸರ್.

"ತೆಗಿಯಂಗಿಲ್ಲ ರೀ," ಎಂದೆ.

ಮೇಡಂ ನಮ್ಮಿಬ್ಬರನ್ನೂ ನೋಡಿ, "ತೋರಿಸ್ತೀಯಾ?" ಎಂದರು.

ಕಂಬಳಿ ಬಿಚ್ಚಿದೆ. ಇಸ್ತ್ರಿ ಸೀರೆಯ ಮೇಡಂ ಅದರೊಳಗೆ ತಲೆ ಹಾಕುತ್ತಾರೋ ಇಲ್ಲವೋ ಎಂದುಕೊಂಡೆ, ಹಾಕಿದರು. ಬದುಕಿದ ಬೇರು ತೋರಿಸಿದೆ. ಬಹಳ ಹೊತ್ತು ಹೊರಗೆ ಬರಲಿಲ್ಲ. ಚಿಮಟದಿಂದ ಕುದಿಸಿದ್ದನ್ನು ಇಟ್ಟೆ. "ಇದು ಕತ್ತಲೆ," ಎಂದರು ಒಳಗಿನಿಂದ.

"ನೋಡ್ರಿ, ಸರಿ ಐತಿ," ಎಂದರು ಸರ್. "ಕೈಯಾಗಿನ ಅರಿಶಿಣ ತೊಳದ್ರ ಹೊಕ್ಕೈತಿ. ಇಕಿ ಏನರ ಬ್ಯಾರೆ ತಪ್ಪು ಮಾಡ್ಯಾಳ, ಅರಿಶಿಣದ ಮ್ಯಾಲ ಹಾಕ್ಯಾಳ. ತಾ ಇಲ್ಲೆ, ನಾನ ಇಡ್ತೀನಿ."

ನಾನು ಕುದಿಸಿದ ಇನ್ನೊಂದು ಬೇರು ಮುಂದಿಟ್ಟೆ. ಅವರು ಎರಡು ಬೆರಳಿನಿಂದ ಎತ್ತಿ ಅಸಿಟೋನ್ ನೀರಿನಲ್ಲಿ ಅದ್ದಿ, ಹೊರಳಿಸಿ, ಗಾಜಿನ ಮೇಲೆ ಇಟ್ಟು, ಕಂಬಳಿಯೊಳಗೆ ಹೋದರು.

ಕಂಬಳಿ ಅಲುಗಾಡಲಿಲ್ಲ. ಆಮೇಲೆ ಅದರ ಅಂಚಿನಿಂದ ಅವರ ಎಡಗೈ ಹೊರಗೆ ಬಂದು, ಮೇಜಿನ ಮೇಲೆ ತಡಕಾಡಿ, ಬಿಡಿ ಜಿಲೇಟಿನ್ ಹಾಳೆಯನ್ನು ಒಳಗೆ ಎಳೆದುಕೊಂಡಿತು. ಅವರು ಒಗ್ಗರಣಿ ತಿಂದ ಬಲಗೈಯ ಉಗುರು ನೋಡಿಕೊಳ್ಳುತ್ತಿದ್ದಾರೆಂದು ನನಗೆ ತಿಳಿಯಿತು.

"ಸೋಪು ಹಚ್ಚಿ ತೊಳದೀನಲ್ಲಾ," ಎಂದಿತು ಕಂಬಳಿ.

ಮೇಡಂ ನಕ್ಕರು. ಸರ್ ಹೇಳಿದ್ದ ನಗು ಬಂತು. ಆದರೆ ನನ್ನ ಕಡೆಗಲ್ಲ. ಸರ್ ಹೊರಬಂದು ಕೂದಲು ಸರಿ ಮಾಡಿಕೊಂಡು, ಯಾರನ್ನೂ ನೋಡದೆ ಪೆನ್ನಿನ ಮುಚ್ಚಳ ತೆಗೆದು ಸಹಿ ಮಾಡಿದರು. "ಪುಟ ಇರಲಿ," ಎಂದರು.

ಹೊರಡುವಾಗ ಬಾಗಿಲಲ್ಲಿ ಕರೆದರು. "ಏ ಹುಡುಗಿ, ಆ ಕಂಬಳಿ ಲ್ಯಾಬಿನ್ಯಾಗ ಬಿಟ್ಟು ಹೋಗು. ಮುಂದಿನ ಸಲ ಬರಾರಿಗೆ ಬೇಕಾಕ್ಕೈತಿ."

"ಇಲ್ರೀ ಸರ್, ಇದು ನಮ್ಮಪ್ಪಂದು. ಕಿಟಕಿಗೆ ಬಾಗಲ ಹಾಕಸ್ರಿ," ಎಂದು ಹೇಳಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಮಸ್ಕಿ ಬಸ್ಸಿಗೆ ನಡೆದೆ.