ಫಕ್ಕೀರಪ್ಪ ಮಿಸ್ತ್ರಿಯ ಚೈನೆಣ್ಣೆ

ಮೆಣಸಿನಕಾಯಿ ಸುಗ್ಗಿಯ ಘಾಟಿಗೆ ಬ್ಯಾಡಗಿ ಪೇಟೆಯೆಲ್ಲ ಸೀನುತ್ತಿರುವಾಗ ಫಕ್ಕೀರಪ್ಪ ಮಿಸ್ತ್ರಿ ಮಾತ್ರ ಮರ ಕೊಯ್ಯುವ ಮಶೀನು ರಿಪೇರಿ ಮಾಡುವ ತಮ್ಮ ತಗಡಿನ ಶೆಡ್ಡಿನಲ್ಲಿ ಕುಳಿತು ಬಂದವರ ಅಂಗೈ ಮೂಸುತ್ತಿದ್ದರು. ನಮಸ್ಕಾರ ಗಿಮಸ್ಕಾರ ಎಲ್ಲ ಆಮೇಲೆ. "ಬೇವು ಕೊಯ್ದೀದಿ. ಎರಡ ದಿನಾ ಆಗೇತಿ. ಎಣ್ಣಿ ಮಾತ್ರ ಹೊಲಸ ಹಾಕೀದಿ," ಎನ್ನುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಬರಬರುತ್ತ ಹೆದರಿಕೆಯೂ ಆಗತೊಡಗಿತು.

ನಾನು ರಾಣೆಬೆನ್ನೂರಿನವನು. ತಮ್ಮ ನಿಂಗರಾಜನ ಜೊತೆ ಮರ ಕೊಯ್ಯುವ ಕೆಲಸ. ಗಿಡ ಹತ್ತುವವನು ಅವನು, ಕೆಳಗೆ ನಿಂತು ಒದರಾಡುವವನು ನಾನು. ನಮ್ಮ ಚೈನು ಗರಗಸದ ಮಶೀನಿಗೆ ಎರಡು ಬಾಯಿ: ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಚೈನು ಮತ್ತು ಅದು ಓಡುವ ಪಟ್ಟಿ ಒಣಗದಂತೆ ಎಣ್ಣೆ. ಎಲ್ಲರಂತೆ ನಾವೂ ಟ್ರ್ಯಾಕ್ಟರಿನಿಂದ ಬಸಿದ ಕರಿ ಎಣ್ಣೆಯನ್ನೇ ಸುರಿಯುತ್ತಿದ್ದೆವು.

"ಅದು ಸತ್ತ ಎಣ್ಣಿ ಹನುಮಂತಾ," ಎಂದು ಮಿಸ್ತ್ರಿ ಬೈದಿದ್ದರು. "ಒಂದ ಎಂಜಿನ್ನಾಗ ದುಡಿದು ಸತ್ತದ್ದನ್ನ ಮತ್ತ ಎಬ್ಬಿಸಿ ದುಡಿಸ್ತಿಯಲ್ಲೋ! ಹೆಣಾ ಕೂಲಿಗೆ ಹಚ್ಚಿದಂಗಾತು."

ಆಮೇಲೆ ತಮ್ಮ ಡಬ್ಬಿಯ ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ಹಚ್ಚಿ ಮೆಲ್ಲಗೆ ಬಿಡಿಸಿದರು. ನಡುವೆ ಸಣ್ಣ ಎಳೆ ಎದ್ದಿತು. "ನೋಡು, ಅಂಟ ಇರಬೇಕು. ಓಡೂ ಚೈನು ತಿಳಿ ಎಣ್ಣೀನ ಕಿತ್ತ ಒಗೀತೈತಿ. ಬ್ಯಾಸಗಿಗೆ ದಪ್ಪಂದು, ಚಳಿಗೆ ಒಂಚೂರು ತೆಳ್ಳಂದು. ಗಿಡಾ ಮುಟ್ಟೂಕಿಂತ ಮದಲ ಪಟ್ಟಿ ತುದಿಗೆ ಬಿಳೇ ಕಾಗದಾ ಹಿಡಿದು ಮಶೀನ ಜೋರ ಮಾಡು. ಕಾಗದದ ಮ್ಯಾಲ ಎಣ್ಣಿ ಗೆರಿ ಬಿದ್ರ ಕೊಯ್ಯಿ. ಬೀಳಲಿಲ್ಲಂದ್ರ ಮನಿಗೆ ಹೋಗು."

ಶೆಡ್ಡಿನ ಗೋಡೆಗೆ ತುಂಡಾದ ಚೈನೊಂದು ನೇತಾಡುತ್ತಿತ್ತು, ಒಣಗಿ ನೀಲಿಗಟ್ಟಿದ್ದು. ಯಾರದೆಂದು ಕೇಳಿದೆ. "ಮಶೀನು ರಿಪೇರಿಗೆ ಬಂತು. ಹಿಡಿದಾವ ಬರಲಿಲ್ಲ," ಎಂದರು.

ಹೋದ ಚಳಿಗಾಲದಲ್ಲಿ ಅಗಡಿಯ ಹತ್ತಿರ ಒಂದು ಹಳೆಯ ಹುಣಸೆ ಇಳಿಸಲು ಹೋದೆವು. ನಮ್ಮ ಕಡೆ ದೊಡ್ಡ ಗಿಡಕ್ಕೆ ಕೈ ಹಚ್ಚುವ ಮುಂಚೆ ಬುಡದಲ್ಲಿ ದೀಪ ಹಚ್ಚಿ, "ಗಿಡದಾಗ ಇದ್ದವರು ಎದ್ದು ಹೋಗ್ರಿ," ಎಂದು ಬೇಡಿಕೊಂಡು, ಆ ದೀಪದ ಎಣ್ಣೆಯನ್ನು ಕೊಡಲಿಯ ಬಾಯಿಗೆ ಸವರುತ್ತಾರೆ. ಹೊಲದ ಒಡತಿ ಅಜ್ಜಿ ಅದನ್ನೆಲ್ಲ ಮಾಡುತ್ತಿದ್ದಳು. ನಾನು ಹಗ್ಗ ಬಿಗಿಯುವ ಗಡಿಬಿಡಿಯಲ್ಲಿದ್ದೆ. ಕಾಗದ ಹಿಡಿಯುವುದು ಅವತ್ತು ಮರೆತೇಹೋಯಿತು.

ನಿಂಗ ಮಶೀನು ಕಟ್ಟಿಕೊಂಡು ಮೇಲಿನ ಕವಲು ಹತ್ತಿದ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಮಿಸ್ತ್ರಿ! ನಾವು ಅಗಡಿಗೆ ಬಂದದ್ದನ್ನು ಅವರಿಗೆ ಹೇಳಿರಲಿಲ್ಲ.

"ಎಣ್ಣಿ ಯಾವುದು?"

"ನೀವ ಕೊಟ್ಟದ್ರಿ."

"ಅದರಾಗ ಏನ ಬೆರಸೀರಿ?"

"ಏನೂ ಇಲ್ರಿ ಮಿಸ್ತ್ರಿ."

"ತಮ್ಮನ್ನ ಇಳಸು. ಕಾಗದಾ ಹಿಡಿ."

ದನಿಯ ಹಿಂದೆ ಶೆಡ್ಡಿನ ಸದ್ದಿರಲಿಲ್ಲ, ಸುತ್ತಿಗೆಯ ಪೆಟ್ಟಿರಲಿಲ್ಲ. ಬರಿದಾದ ಕಣಜದೊಳಗೆ ಕುಳಿತು ಮಾತಾಡಿದಂತಿತ್ತು. "ಇಳಿಯೋ ಮಗನ!" ಎಂದು ನಿಂಗನಿಗೆ ಒದರಿದೆ.

ಅವನು ಗೊಣಗುತ್ತಲೇ ಇಳಿದ. ಬಿಳಿ ಕಾಗದ ಹಿಡಿದು ಮಶೀನು ಜೋರು ಮಾಡಿದೆವು. ಒಂದು ಹನಿಯೂ ಬೀಳಲಿಲ್ಲ. ಎಣ್ಣೆಯ ಮುಚ್ಚಳ ತೆಗೆದರೆ ಒಳಗೆ ಸುಟ್ಟ ಬತ್ತಿಯ ಎಳೆಗಳು ಎಣ್ಣೆ ಸೋಸುವ ಜಾಳಿಗೆಗೆ ಸುತ್ತಿಕೊಂಡು ದಾರಿ ಕಟ್ಟಿ ಕುಳಿತಿದ್ದವು.

"ಕೊಡ್ಲಿ ಆಗಿದ್ರ ಬಾಯಿಗೆ ಹಚ್ತಿದ್ದೆ," ಎಂದಳು ಅಜ್ಜಿ. "ಇದಕ್ಕ ಖರೇನ ಬಾಯಿ ಐತೆಲ್ಲ, ಅದಕ್ಕ ದೀಪದ ಎಣ್ಣಿ ಅದರಾಗ ಹೊಯ್ದೆ. ನಿನ್ನ ತಮ್ಮಗ ಕೇಳೇ ಹೊಯ್ದೇನಪಾ."

ನಿಂಗ ತಲೆ ತಗ್ಗಿಸಿದ. ಅಷ್ಟೆತ್ತರದಲ್ಲಿ ಒಣ ಚೈನು ಕಿತ್ತು ಅವನ ಮುಖಕ್ಕೆ ಹಾರಿದ್ದರೆ? ಎರಡು ಬಾರಿಸಬೇಕೆಂದು ಎತ್ತಿದ ಕೈಯಿಂದ ಅವನನ್ನೇ ತಬ್ಬಿಕೊಂಡು ಅತ್ತೆ. ನಾಚಿಕೆಯೇನು ಬಂತು, ಇರುವವನೊಬ್ಬನೇ ತಮ್ಮ.

ಮರುದಿನ ಬೆಳಿಗ್ಗೆ ಬಾಳೆಹಣ್ಣು ಕಟ್ಟಿಸಿಕೊಂಡು ಬ್ಯಾಡಗಿಗೆ ಹೋದೆ. ಶೆಡ್ಡಿಗೆ ಕೀಲಿ. ಹಿಂದಿನ ಮನೆಯ ಬಾಗಿಲಲ್ಲಿ ಮಗಳು ಗಿರಿಜಾ ನಿಂತಿದ್ದಳು.

"ಅಪ್ಪಗ ಲಕ್ವಾ ಹೊಡದೈತ್ರಿ ಅಣ್ಣಾರ. ಮಾತ ಬಿದ್ದು ಎಂಟ ದಿನಾ ಆತು."

"ನಿನ್ನೆ ನನಗ ಫೋನ ಮಾಡಿದ್ರಲ್ಲವಾ!"

"ಅವರ ಫೋನು ಅವತ್ತ ಬಂದ್ ಮಾಡಿ ಟ್ರಂಕಿನ್ಯಾಗ ಇಟ್ಟೇನ್ರಿ."

ಒಳಗೆ ಹೋದೆ. ಅವರನ್ನು ನಾನು ನೋಡಿದ್ದು ಅದೇ ಕಡೆಯ ಸಲ. ಮುಂದಿನ ಅಮಾವಾಸ್ಯೆಯ ಒಳಗೆ ಹೋಗಿಬಿಟ್ಟರು. ಅವತ್ತು ಅವರ ಬಾಯಿ ಒಂದು ಕಡೆ ವಾಲಿತ್ತು. ಕಣ್ಣು ಮಾತ್ರ ಚುರುಕಾಗಿದ್ದವು. "ನಿಂಗ ಆರಾಮ ಇಳದಾನ್ರಿ ಮಿಸ್ತ್ರಿ," ಎಂದೆ. ಅವರು ನನ್ನನ್ನೇ ನೋಡುತ್ತಿದ್ದರು.

ನನ್ನ ಫೋನನ್ನು ಗಿರಿಜಾಳ ಕೈಗೆ ಕೊಟ್ಟೆ. ನಿನ್ನೆಯ ಕರೆ, ಅಪ್ಪನ ಹೆಸರು, ಎಲ್ಲ ಹಾಗೇ ಇತ್ತು. ಅವಳು ಹೆದರುತ್ತಾಳೆ ಅಂದುಕೊಂಡೆ. ಹೆದರಲಿಲ್ಲ. ಆ ಹೆಸರಿನ ಮೇಲೆ ಬೆರಳಿಟ್ಟಳು.

"ನಮ್ಮ ಜೋಡಿ ಎಂಟ ದಿನದಿಂದ ಒಂದ ಮಾತಿಲ್ರಿ," ಎಂದಳು. "ಮತ್ತೇನಂದ್ರು ಅಣ್ಣಾರ? ನನ್ನ ಸುದ್ದಿ ಏನರ ತಗದ್ರೇನು?"

ಒಂದು ಸುಳ್ಳು ಹೇಳಬಹುದಿತ್ತು. ಮಿಸ್ತ್ರಿಯ ಆ ಚುರುಕು ಕಣ್ಣೆದುರು ನಾಲಗೆ ಹೊರಳಲಿಲ್ಲ.

"ಇಲ್ಲ ತಂಗಿ," ಎಂದೆ. "ಬರೇ ಎಣ್ಣಿ ಮಾತ ಆಡಿದ್ರು."