ನೀಲಿ ದಾರದ ಎರಡು ಸಾಲು

ನಮ್ಮ ಟೈಲರಕ್ಕನಿಗೆ ಒಂದು ಚಾಳಿಯಿತ್ತು. ಯಾವ ಬಟ್ಟೆಯೇ ಇರಲಿ, ಕೊನೆಗೆ ನೀಲಿ ದಾರದಲ್ಲಿ ಎರಡು ಸಾಲು ಹೊಲಿಗೆ ಹಾಕದೆ ಕೈಬಿಡುತ್ತಿರಲಿಲ್ಲ. ಪಕ್ಕದ ಇಸ್ತ್ರಿ ಅಂಗಡಿ ನನ್ನದು. "ಒಂದು ಸಾಲು ಸಾಕಲ್ವೇನಕ್ಕಾ?" ಎಂದು ರೇಗಿಸಿದರೆ, "ನೀನು ಒಂದೇ ಮಗ್ಗುಲು ಇಸ್ತ್ರಿ ಮಾಡಿ ಕೊಡ್ತೀಯೇನೇ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಬಸ್ ನಿಲ್ದಾಣದ ಹಿಂದೆ ಗಿರಾಕಿಗಳಿಗೆ ಕಾಯುವ ಹೆಂಗಸರ ಬಟ್ಟೆಯೆಲ್ಲ ಅವಳ ಹತ್ತಿರವೇ ಬರುತ್ತಿತ್ತು. ಅವರಲ್ಲಿ ಗುಬ್ಬಿ ಒಬ್ಬಳು. ಗಂಡ ಸತ್ತಮೇಲೆ ಅತ್ತೆ ಮನೆಯವರು ಹೊರಗೆ ಹಾಕಿದರು. ಮನೆಗೆಲಸಕ್ಕೆ ಹೋದಲ್ಲಿ ಯಜಮಾನ ಕೈಹಾಕಿದ, ಯಜಮಾನಿ ಇವಳನ್ನೇ ಓಡಿಸಿದಳು. ಊರಿಗೆ ಊರೇ ಸೇರಿ ಅಲ್ಲಿಗೆ ತಳ್ಳಿ, ಈಗ ಅವಳನ್ನು ಕಂಡರೆ ಮೂಗು ಮುರಿಯುತ್ತದೆ. ನನಗೆ ಹೇಸಿಗೆಯಾಗುವುದು ಗುಬ್ಬಿಯನ್ನು ಕಂಡಲ್ಲ, ಈ ಊರನ್ನು ಕಂಡು.

ಎಚ್‌ಐವಿ ತಗಲಬಾರದೆಂದು ಆಸ್ಪತ್ರೆಯವರು ಈ ಹೆಂಗಸರಿಗೆ ಪುಕ್ಕಟೆ ಕಾಂಡೋಮ್ ಕೊಡುತ್ತಿದ್ದರು. ಠಾಣೆಯ ಪೇದೆ ಚೀಲ ತಡಕಿ, ದಂಧೆಗೆ ಇದೇ ಸಾಕ್ಷಿ ಎಂದು ಕಿತ್ತುಕೊಳ್ಳುತ್ತಿದ್ದ. ಅವನನ್ನು ನಾವು ಮೀಸೆ ಎನ್ನುತ್ತೇವೆ. ಬೇರೆ ಏನೆನ್ನುತ್ತೇವೆ ಎಂಬುದನ್ನು ಬರೆಯುವ ಹಾಗಿಲ್ಲ. ಅವನಿಗೆ ಹೆದರಿ ಹೆಂಗಸರು ಕಾಂಡೋಮ್ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಆಗ ಅಕ್ಕ ಅವರ ಲಂಗದ ಅಂಚಿನೊಳಗೆ ಗುಟ್ಟಿನ ಜೇಬು ಹೊಲಿಯತೊಡಗಿದಳು.

ಹೊಲಿದಳು ಸರಿ, ಚಾಳಿ ಬಿಡಬೇಕಲ್ಲ! ಗುಟ್ಟಿನ ಜೇಬಿಗೂ ನೀಲಿ ದಾರ, ಎರಡು ಸಾಲು. ಮೀಸೆಯ ಖಾಕಿ ಬಟ್ಟೆ ರಿಪೇರಿ ಮಾಡುತ್ತಿದ್ದವಳೂ ಅವಳೇ. ತನ್ನ ಪ್ಯಾಂಟಿನ ಮೇಲಿದ್ದ ಹೊಲಿಗೆಯನ್ನು ಅವನು ಗುಬ್ಬಿಯ ಲಂಗದ ಅಂಚಿನಲ್ಲಿ ಗುರುತು ಹಿಡಿದ. ಜೇಬು ಹರಿದು ಇದ್ದದ್ದನ್ನೆಲ್ಲ ಬಾಚಿಕೊಂಡ. ಆಮೇಲೆ ಠಾಣೆಯ ಹಿಂದಿನ ಕೋಣೆಗೆ ಎಳೆದೊಯ್ದು ತನ್ನ ತೆವಲನ್ನೂ ತೀರಿಸಿಕೊಂಡ.

"ಅದ್ರಲ್ಲಿ ಒಂದಾದ್ರೂ ಹಾಕ್ಕೊಳಿ ಅಂತ ಕೈ ಮುಗಿದೆ ಅಕ್ಕಾ, ನಕ್ಕುಬಿಟ್ಟ," ಎಂದು ಗುಬ್ಬಿ ಹರಿದ ಲಂಗ ಹಿಡಿದು ಅತ್ತಳು. ಥೂ!

ಮರುದಿನ ಮೀಸೆ ಅಂಗಡಿಗೂ ಬಂದ. "ಇನ್ನೊಂದು ಜೇಬು ಹೊಲಿದ್ಯೋ, ನಿನ್ನ ಮಿಷಿನ್ನು ಠಾಣೆಯಲ್ಲಿರುತ್ತೆ," ಎಂದು ಗದರಿಸಿ ಹೋದ. ಹೊಟ್ಟೆಪಾಡು ನೋಡಿ, ಅಕ್ಕ ನಿಲ್ಲಿಸಿಬಿಟ್ಟಳು. ಗುಬ್ಬಿ ಬಂದು ಗೋಗರೆದರೂ ತಲೆ ಎತ್ತಲಿಲ್ಲ.

ಅದೇ ವಾರ ಮೀಸೆಯ ಹೆಂಡತಿ ಹೊಲಿಗೆ ಬಿಟ್ಟ ಪ್ಯಾಂಟೊಂದನ್ನು ತಂದಳು. ಯಾರ ತಂಟೆಗೂ ಹೋಗದ ಹೆಂಗಸು. ಅದರ ಜೇಬಿನಿಂದ ಕಾಂಡೋಮ್ ಪೊಟ್ಟಣಗಳನ್ನು ತೆಗೆದು ಅಕ್ಕನಿಗೆ ತೋರಿಸಿ ಪಿಸುಗುಟ್ಟಿದಳು.

"ಇದನ್ನ ಕಂಡು ಎದೆ ಧಸಕ್ ಅಂತು ಅಕ್ಕಾ. ಆಮೇಲೆ ನೋಡಿದ್ರೆ ಒಂದನ್ನೂ ಒಡೆದಿಲ್ಲ. ನಮ್ಮ ಯಜಮಾನ್ರು ಅಂಥೋರಲ್ಲ ಬಿಡಿ." ಹಾಗಂದು ಸಮಾಧಾನದಿಂದ ನಕ್ಕಳು.

ಅಕ್ಕ ಬಾಯಿ ಬಿಟ್ಟರೆ ಅಂಗಡಿ ಹೋಗುತ್ತದೆ, ಬಿಡದಿದ್ದರೆ ಈ ಹೆಂಗಸಿನ ಜೀವಕ್ಕೇ ಕುತ್ತು. ನಾನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಅಕ್ಕನ ಮುಖವನ್ನೇ ನೋಡಿದೆ.

"ಕೂತ್ಕೋ ತಂಗಿ," ಎಂದಳು ಅಕ್ಕ. "ಒಂದಾದ್ರೂ ಒಡೆದಿದ್ದಿದ್ರೆ ನಿಂಗೇ ಒಳ್ಳೇದಿತ್ತು." ಗುಬ್ಬಿಯ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದಳು.

"ನಿನ್ನೆ ರಾತ್ರೀನೂ ಅವರು ನನ್ನ ಜೊತೆ..." ಎಂದವಳು ಬಾಯಿಗೆ ಸೆರಗು ತುರುಕಿಕೊಂಡಳು.

"ಏಳು, ಆಸ್ಪತ್ರೆಗೆ ಹೋಗೋಣ. ರಕ್ತ ಪರೀಕ್ಷೆ ಮಾಡಿಸ್ಕೋ. ಏನೇ ಬಂದ್ರೂ ಔಷಧಿ ಇದೆ, ನಾನೂ ಇದೀನಿ."

ಹೊರಡುವಾಗ ಅಕ್ಕ ಆ ಪೊಟ್ಟಣಗಳನ್ನು ನನ್ನ ಕೈಗೆ ತುರುಕಿದಳು. "ಗುಬ್ಬಿಗೆ ಕೊಡು. ಲಂಗ ತಗೊಂಡು ಬರೋಕೆ ಹೇಳು. ಈ ಸಲ ಲಂಗದ ಬಣ್ಣದ್ದೇ ದಾರ ಹಾಕ್ತೀನಿ, ಒಂದೇ ಸಾಲು."